ಟ್ಯಾಬ್‌ನಲ್ಲಿ ತಂಗಿ ಮದುವೆ ವಿಡಿಯೊ ಓಡುತ್ತಿಲ್ಲ, ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ, ಗಂಗಾವತಿಯಿಂದ ಬರೆಯುತ್ತಿದ್ದೇನೆ. ತಂಗಿ ಮದುವೆ ವಿಡಿಯೊವನ್ನು ಸ್ಟುಡಿಯೊದವರು ಪೆನ್‌ಡ್ರೈವ್‌ಗೆ ಹಾಕಿ ಕೊಟ್ಟಿದ್ದಾರೆ. ಅವ್ವನಿಗೆ ಅದನ್ನು ನಮ್ಮ ಹಳೇ ಆಂಡ್ರಾಯ್ಡ್ ಟ್ಯಾಬ್‌ನಲ್ಲೇ ನೋಡಬೇಕಂತೆ, ಅಡುಗೆಮನೆಯಲ್ಲಿ ಜೋಳದ ಹಿಟ್ಟಿನ ಡಬ್ಬಿಗೆ ಆನಿಸಿ ಇಟ್ಕೊಂಡು. ಮೊದಲು 6 ಜಿಬಿ ಫೈಲು ಮೆಮೊರಿ ಕಾರ್ಡಿಗೆ ಕಾಪಿನೇ ಆಗಲಿಲ್ಲ. ಕಾರ್ಡು ಎಫ್‌ಎಟಿ32 ಅನ್ನೋ ಹಳೇ ಫಾರ್ಮ್ಯಾಟ್‌ನದ್ದು, ಅದರಲ್ಲಿ 4 ಜಿಬಿಗಿಂತ ದೊಡ್ಡ ಫೈಲು ಕೂರಲ್ಲ ಅಂತ ಆಮೇಲೆ ಗೊತ್ತಾಯ್ತು. ಸರಿ, ಟ್ಯಾಬ್ ಒಳಗೇ ಹಾಕಿದೆ. ಅದರ ಜೊತೆ ಬಂದ ಪ್ಲೇಯರ್‌ನಲ್ಲಿ ಭಜಂತ್ರಿ ಸದ್ದು ಮಾತ್ರ, ಪರದೆ ಕಪ್ಪು. ವಿಎಲ್‌ಸಿ ಅನ್ನೋ ಬೇರೆ ಪ್ಲೇಯರ್ ಹಾಕಿದ ಮೇಲೆ ಚಿತ್ರ ಬಂತು, ಆದರೆ ನಿಂತು ನಿಂತು ಓಡುತ್ತದೆ, ಗಟ್ಟಿಮೇಳ ಮುಗಿದು ಎಷ್ಟೋ ಹೊತ್ತಾದ ಮೇಲೆ ತಾಳಿ ಕಟ್ಟೋದು ಕಾಣುತ್ತದೆ! ಅದರಲ್ಲಿ ಹಾರ್ಡ್‌ವೇರ್ ಆಕ್ಸಲರೇಶನ್ (ವಿಡಿಯೊ ಬಿಡಿಸೋ ಕೆಲಸವನ್ನು ಟ್ಯಾಬ್‌ನ ಚಿಪ್‌ಗೇ ಒಪ್ಪಿಸೋ ಸೆಟ್ಟಿಂಗ್) ಆನ್ ಮಾಡಿದೆ, ಆಫ್ ಮಾಡಿದೆ, ವ್ಯತ್ಯಾಸ ಇಲ್ಲ. ಫೈಲಿನ ಮಾಹಿತಿಯಲ್ಲಿ ಎಚ್.265 (ವಿಡಿಯೊ ಕುಗ್ಗಿಸಿಡೋ ಒಂದು ವಿಧಾನ), 3840×2160 (ಅಂದರೆ 4ಕೆ) ಅಂತಿದೆ. ಅದಕ್ಕಿಂತ ಹಳೇ ವಿಧಾನವಾದ ಎಚ್.264ರ ಬೇರೆ ಫೈಲುಗಳು ಇದೇ ಟ್ಯಾಬ್‌ನಲ್ಲಿ ಸಲೀಸಾಗಿ ಓಡುತ್ತವೆ, ಅಂದರೆ ತೊಂದರೆ ಟ್ಯಾಬ್‌ನ ಶಕ್ತಿಯದ್ದೇ ಅಲ್ವಾ?

ಹ್ಯಾಂಡ್‌ಬ್ರೇಕ್ ಅನ್ನೋ ವಿಡಿಯೊ ಬದಲಾಯಿಸೋ ಸಾಫ್ಟ್‌ವೇರ್‌ನಲ್ಲಿ ಎಚ್.264, 1080ಪಿಗೆ ಬದಲಾಯಿಸಿದರೆ ಸಾಕಾ? ಅದರಲ್ಲಿ ಆರ್‌ಎಫ್ (ಗುಣಮಟ್ಟದ ಅಂಕಿ, ಕಡಿಮೆ ಇಟ್ಟಷ್ಟೂ ಚಿತ್ರ ಸ್ಪಷ್ಟ) 20ರಿಂದ 24ರ ನಡುವೆ ಇಡಿ ಅಂತಾರೆ, ಮುಖಗಳು ಮಸುಕಾಗಬಾರದು ಅಂದರೆ ಎಷ್ಟು ಇಡಲಿ? ಇಲ್ಲಾ, ವಿಎಲ್‌ಸಿಯಲ್ಲೇ ನಾನು ನೋಡದ ಸೆಟ್ಟಿಂಗ್ ಏನಾದರೂ ಇದೆಯಾ?