ಕೆರೆಯ ಹಕ್ಕಿ ಪಟ್ಟಿ ಈ ಸಲ ಚಿಕ್ಕದಾಗಿದೆ. ಹಕ್ಕಿ ಕಡಿಮೆ ಆದವಾ?

ನಂಜನಗೂಡು ಮೇಷ್ಟ್ರು:
ಪ್ರತಿ ಜನವರಿ ನೀರುಹಕ್ಕಿ ಎಣಿಕೆಗೆ ಶಾಲೆ ಮಕ್ಕಳನ್ನು ನಮ್ಮೂರ ಕೆರೆಗೆ ಕರೆದುಕೊಂಡು ಹೋಗುತ್ತೇನೆ. ಹೋದ ವರ್ಷ 58 ಜಾತಿ ಸಿಕ್ಕಿದ್ದವು, ಈ ವರ್ಷ ಬರೀ 41. ಮೆಟ್ಟುಗಾಲು ಹಕ್ಕಿ ಒಂದೂ ಇಲ್ಲ. ಗದ್ದೆಗೊರವವೂ ಇಲ್ಲ. ಊರಿನವರು ಆಗಲೇ "ಮೊಬೈಲ್ ಟವರ್ ಬಂತಲ್ಲ, ಅದಕ್ಕೇ" ಅಂತ ತೀರ್ಮಾನ ಮಾಡಿಬಿಟ್ಟಿದ್ದಾರೆ. ಮಕ್ಕಳು ಪೇಪರಿಗೆ ಬರೆಯೋಣ ಸರ್ ಅಂತ ಕೂತಿದ್ದಾರೆ. ಹಕ್ಕಿ ಕಡಿಮೆಯಾಗಿದೆ ಅಂತ ಹೇಳಬಹುದಾ? ಇನ್ನೊಂದು ವಿಷಯ. ಹಕ್ಕಿ ಪಟ್ಟಿ ದಾಖಲಿಸುವ ಜಾಲತಾಣ ಇ-ಬರ್ಡ್‌ಗೆ ಹಾಕುವಾಗ ಕಾಗೆ, ಗೊರವಂಕ ಎಲ್ಲ ಸೇರಿಸಬೇಕಾ, ನೀರುಹಕ್ಕಿ ಮಾತ್ರ ಸಾಕಾ?

ಬೈನಾಕ್ಯುಲರ್ ಅಜ್ಜಿ, ಮೈಸೂರು:
ಪೇಪರಿಗೆ ಬರೆಯುವುದನ್ನು ಸ್ವಲ್ಪ ತಡೆಯಿರಿ ಮೇಷ್ಟ್ರೇ. ಕೆರೆಯಲ್ಲಿ ನೀರು ಎಷ್ಟಿತ್ತು? ಎಷ್ಟು ಹೊತ್ತಿಗೆ ಹೋದಿರಿ? ಜೊತೆಯಲ್ಲಿ ಯಾರಿದ್ದರು? ಹೋದ ವರ್ಷದ್ದೂ ಹೇಳಿ.

ನಂಜನಗೂಡು ಮೇಷ್ಟ್ರು:
ಈ ಸಲ ಕೆರೆ ಕೋಡಿ ಬಿದ್ದಿದೆ ಅಮ್ಮ. ಹೋದ ವರ್ಷ ಅರ್ಧ ಒಣಗಿತ್ತು. ಆಗ ಮೈಸೂರಿನಿಂದ ಇಬ್ಬರು ಸ್ಪಾಟಿಂಗ್ ಸ್ಕೋಪ್ (ಸ್ಟ್ಯಾಂಡ್ ಮೇಲೆ ಇಟ್ಟು ನೋಡುವ ದೂರದರ್ಶಕ) ತಂದಿದ್ದರು, ಏಳು ಗಂಟೆಗೇ ಶುರು ಮಾಡಿದ್ದೆವು. ಈ ಸಲ ನಾನು, ಮಕ್ಕಳು ಅಷ್ಟೇ. ಪ್ರಾರ್ಥನೆ ಮುಗಿಸಿ ಹೊರಟಾಗ ಹತ್ತಾಗಿತ್ತು.

ಬೈನಾಕ್ಯುಲರ್ ಅಜ್ಜಿ, ಮೈಸೂರು:
ಹಾಗಾದರೆ ಟವರನ್ನು ಬಿಟ್ಟುಬಿಡಿ.

ಮೆಟ್ಟುಗಾಲಿಗೂ ಗೊರವಕ್ಕೂ ಬೇಕಾಗಿರುವುದು ಅಂಚಿನ ಕೆಸರು. ಅಲ್ಲಿ ಕೊಕ್ಕು ಆಡಿಸಿ ಹುಳ ಹುಪ್ಪಟೆ ಹುಡುಕಿ ತಿನ್ನುತ್ತವೆ. ಕೋಡಿ ಬಿದ್ದ ಕೆರೆಯಲ್ಲಿ ಕೆಸರು ಎಲ್ಲಿಂದ ಬರಬೇಕು? ನೀರು ಕಡಿಮೆ ಇರುವ ಪಕ್ಕದ ಕೆರೆಗೋ ಗದ್ದೆಗೋ ಹೋಗಿರುತ್ತವೆ. ಮಳೆ ಚೆನ್ನಾಗಿ ಬಿದ್ದ ವರ್ಷ ಎಲ್ಲಾ ಕಡೆ ನೀರಿರುತ್ತದೆ, ಹಕ್ಕಿಗಳೂ ಹರಡಿಕೊಳ್ಳುತ್ತವೆ. ಒಂದೇ ಕೆರೆ ನೋಡಿದವರಿಗೆ ಮಾಯವಾದ ಹಾಗೆ ಕಾಣುತ್ತದೆ. ಆ ನೀರುಹಕ್ಕಿ ಎಣಿಕೆ 1987ರಿಂದ ಪ್ರತಿ ಜನವರಿ ನಡೆಯುತ್ತಾ ಬಂದಿರುವುದು, ಅದೂ ಒಂದೇ ಸಮಯಕ್ಕೆ ಹತ್ತಾರು ದೇಶಗಳ ಕೆರೆಗಳಲ್ಲಿ, ಇದಕ್ಕೇ ಅಲ್ವಾ? ನಿಮ್ಮದೊಂದು ಕೆರೆ, ಎರಡು ವರ್ಷ. ಅಷ್ಟರಲ್ಲಿ ಏನೂ ಹೇಳಲಾಗದು.

ಉಳಿದ ವ್ಯತ್ಯಾಸ ನೋಡುವವರದು. ಸ್ಕೋಪ್ ಇದ್ದರೆ ಆಚೆ ದಡದ ಜೊಂಡಿನ ಹತ್ತಿರ ಮಲಗಿದ ಬಾತುಗಳೂ ಲೆಕ್ಕಕ್ಕೆ ಬರುತ್ತವೆ. ಬರಿಗಣ್ಣಿಗೆ ಅವು ಕಪ್ಪು ಚುಕ್ಕೆ. ಹತ್ತು ಗಂಟೆ ಬಿಸಿಲಿಗೆ ನೀರಿನ ಮೇಲೆ ಗಾಳಿ ನಡುಗಲು ಶುರುವಾದರೆ ಆ ಚುಕ್ಕೆಯೂ ಇಲ್ಲ. ಆದ್ದರಿಂದ ಪಟ್ಟಿಯ ಜೊತೆ ಶುರು ಮಾಡಿದ ಹೊತ್ತು, ಎಷ್ಟು ನಿಮಿಷ, ಎಷ್ಟು ದೂರ, ಎಷ್ಟು ಜನ, ಇಷ್ಟನ್ನೂ ಬರೆಯಿರಿ. ನೀರು ಎಲ್ಲಿಯವರೆಗೆ ಇತ್ತು ಅನ್ನುವುದನ್ನು ಟಿಪ್ಪಣಿಯಲ್ಲಿ ಹಾಕಿ.

ಇನ್ನು ಕಾಗೆ. ಖಂಡಿತ ಹಾಕಬೇಕು! "ಗುರುತಿಸಿದ ಎಲ್ಲಾ ಜಾತಿಯನ್ನೂ ಹಾಕಿದ್ದೀರಾ" ಅಂತ ಇ-ಬರ್ಡ್ ಕೊನೆಗೆ ಕೇಳುತ್ತದೆ ನೋಡಿ, ಆ ಪ್ರಶ್ನೆಯ ಮೇಲೇ ಎಲ್ಲಾ ನಿಂತಿದೆ. ದೇಶದ ಹಕ್ಕಿಗಳ ಸ್ಥಿತಿಗತಿಯ 2023ರ ವರದಿ 942 ಜಾತಿಗಳ ಬಗ್ಗೆ ಹೇಳಿತು. ಅದರ ಹಿಂದೆ ಸುಮಾರು 30,000 ಜನ ಇ-ಬರ್ಡ್‌ಗೆ ಹಾಕಿದ ದಾಖಲೆಗಳಿವೆ. ಅಲ್ಲಿ ಮುಖ್ಯವಾಗಿ ನೋಡುವುದು ಇಂಥ ಪೂರ್ತಿ ಪಟ್ಟಿಗಳಲ್ಲಿ ಎಷ್ಟರಲ್ಲಿ ಒಂದು ಹಕ್ಕಿ ಇದೆ ಅನ್ನುವುದನ್ನು. ಕಾಗೆ ಕಣ್ಣೆದುರಿಗೇ ಇದ್ದು ನೀವು ಬರೆಯದೆ "ಹೌದು" ಒತ್ತಿದರೆ, ಅಲ್ಲಿ ಕಾಗೆ ಇರಲಿಲ್ಲ ಅಂತಲೇ ಅರ್ಥ. ಎಲ್ಲರೂ ಹಾಗೇ ಮಾಡಿದರೆ ಕಾಗೆ ಕಾಗದದ ಮೇಲೇ ಅಳಿದುಹೋಗುತ್ತದೆ. ನೀರುಹಕ್ಕಿ ಮಾತ್ರ ಎಣಿಸಿದ್ದರೆ "ಇಲ್ಲ" ಅನ್ನಿ, ತಪ್ಪೇನಿಲ್ಲ.

ಬೆಂಗಳೂರು ಬಾತು:
ಸರ್, ಮರ್ಲಿನ್ ಆ್ಯಪ್ ಹಾಕಿಕೊಳ್ಳಿ. ಹಕ್ಕಿ ದನಿ ಕೇಳಿಸಿಕೊಂಡು ಅದೇ ಹೆಸರು ಹೇಳುತ್ತದೆ. ನಾನು ಕೆರೆ ಏರಿ ಮೇಲೆ ಆನ್ ಮಾಡಿ ಸುಮ್ನೆ ಕೂತಿದ್ದೆ, ಅರ್ಧ ಗಂಟೆಗೆ ಪಟ್ಟಿ ರೆಡಿ. ಕಷ್ಟವೇ ಇಲ್ಲ.

ಬೈನಾಕ್ಯುಲರ್ ಅಜ್ಜಿ, ಮೈಸೂರು:
ಬಾತು ಮರಿ, ಆ ಪಟ್ಟಿ ನಿನ್ನದಲ್ಲ, ಫೋನಿನದು. ಕಾಜಾಣ ಶಿಕ್ರಾ ಅನ್ನುವ ಸಣ್ಣ ಗಿಡುಗದ ಕೂಗನ್ನು ಥೇಟ್ ಹಾಗೇ ಕೂಗುತ್ತದೆ. ಫೋನು ಶಿಕ್ರಾ ಅಂದರೆ ತಲೆಯೆತ್ತಿ ಹುಡುಕು. ಕಂಡರೆ ಬರಿ, ಇಲ್ಲವೇ ಆ ಕೂಗು ನಿನಗೇ ಖಚಿತವಾಗಿ ಗೊತ್ತಿದ್ದರೆ ಬರಿ. ಕಲಿಯಲಿಕ್ಕೆ ಒಳ್ಳೆಯ ಆ್ಯಪ್, ಬೇಡ ಅನ್ನುವುದಿಲ್ಲ. ಆದರೆ ಅಪರೂಪದ ಹಕ್ಕಿ ಹಾಕಿದರೆ ಪರಿಶೀಲಿಸುವ ಸ್ವಯಂಸೇವಕರು "ಹೇಗೆ ಗುರುತಿಸಿದಿರಿ" ಅಂತ ಕೇಳುತ್ತಾರೆ. "ಫೋನು ಹೇಳಿತು" ಅಂದರೆ ಅವರೇನು ಮಾಡಬೇಕು ಪಾಪ.

ನಂಜನಗೂಡು ಮೇಷ್ಟ್ರು:
ಪಟ್ಟೆತಲೆ ಬಾತುಗಳ ದೊಡ್ಡ ಹಿಂಡು ಇತ್ತು. ಮಕ್ಕಳು ಒಂದೊಂದಾಗಿ ಎಣಿಸಲು ಹೋಗಿ ಜಗಳಕ್ಕೆ ಬಿದ್ದರು. ಸಂಖ್ಯೆಯ ಬದಲು "ಎಕ್ಸ್" ಅಂತ ಹಾಕಿದರೆ ಆಗುತ್ತಾ?

ಬೈನಾಕ್ಯುಲರ್ ಅಜ್ಜಿ, ಮೈಸೂರು:
ಆಗುತ್ತದೆ, ಆದರೆ ಅಂದಾಜು ಸಂಖ್ಯೆಯೇ ಮೇಲು. ಹತ್ತು ಬಾತು ಎಣಿಸಿ. ಆ ಹತ್ತು ಎಷ್ಟು ಜಾಗ ಹಿಡಿದಿವೆ ಅಂತ ಕಣ್ಣಲ್ಲಿ ಇಟ್ಟುಕೊಳ್ಳಿ. ಅಂಥ ತುಂಡು ಎಷ್ಟಿವೆ ಎಣಿಸಿ. ಮೂವರು ಮಕ್ಕಳು ಬೇರೆ ಬೇರೆ ಮಾಡಲಿ, ಪಕ್ಕದವರಿಗೆ ಹೇಳದೆ ಬರೆದಿಡಲಿ. ಮೂರೂ ಹತ್ತಿರ ಬಂದರೆ ನಡುವಿನದನ್ನು ಹಾಕಿ. ಹೊಲದಲ್ಲಿ ಮೇಯ್ದು ಬಂದು ನೀರಿಗಿಳಿಯುವ ಹೊತ್ತಿನಲ್ಲಿ ಮಾತ್ರ ಎಣಿಸಬೇಡಿ, ಒಂದೇ ಗುಂಪು ಎರಡು ಸಲ ಬಂದುಬಿಡುತ್ತದೆ.

ಕೊರಳನ್ನೂ ನೋಡಿ. ಮಂಗೋಲಿಯದಲ್ಲಿ ಅಕ್ಷರ, ಅಂಕಿ ಇರುವ ಪಟ್ಟಿ ಹಾಕಿಸಿಕೊಂಡ ಬಾತುಗಳು ನಮ್ಮ ರಾಜ್ಯದ ಕೆರೆಗಳಿಗೆ ಬಂದಿವೆ. ಮೇಯುವಾಗ ಕಾಣುವುದಿಲ್ಲ. ನಾಯಿ ಬೊಗಳಿದಾಗ ಎಲ್ಲವೂ ಒಟ್ಟಿಗೆ ಕತ್ತು ನೆಟ್ಟಗೆ ಮಾಡುತ್ತವಲ್ಲ, ಆಗ ಓದಬೇಕು.

ಫೆಬ್ರವರಿಯಲ್ಲಿ ನಾಲ್ಕು ದಿನದ ಹಿತ್ತಲ ಹಕ್ಕಿ ಎಣಿಕೆ ಇದೆ. ಹದಿನೈದು ನಿಮಿಷ ನಿಂತರೂ ಒಂದು ಪಟ್ಟಿ ಆಗುತ್ತದೆ. ನಾನು ಸ್ಕೋಪ್ ತರುತ್ತೇನೆ. ಆದರೆ ಏಳಕ್ಕೇ ಶುರು, ಹೆಡ್‌ಮಾಸ್ಟರಿಗೆ ಈಗಲೇ ಹೇಳಿಡಿ.

ನಂಜನಗೂಡು ಮೇಷ್ಟ್ರು:
ಹೇಳುತ್ತೇನೆ ಅಮ್ಮ. ಬಸ್‌ಸ್ಟ್ಯಾಂಡಿಗೆ ಇಬ್ಬರು ಹುಡುಗರನ್ನು ಕಳಿಸುತ್ತೇನೆ, ಸ್ಟ್ಯಾಂಡ್ ಹೊರುವುದಕ್ಕೆ.