ಪಿಎಸ್4: ಹೊಡೆದಾಟದಲ್ಲಿ ಚೆನ್ನಾಗಿ ನಡೆಯುತ್ತೆ, ಮ್ಯಾಪ್ ತೆರೆದರೆ ಆಫ್ ಆಗುತ್ತೆ. ಗ್ರಾಫಿಕ್ಸ್ ಚಿಪ್ ಹೋಗಿದೆಯಾ?

ಹಳೇಪೇಟೆ_ಹುಡುಗ (ದಾವಣಗೆರೆ)
ಭಾನುವಾರ, ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ಹೋದ ದೀಪಾವಳಿಗೆ ಸೆಕೆಂಡ್ ಹ್ಯಾಂಡ್ ಪಿಎಸ್4 (ಸೋನಿಯ ಪ್ಲೇಸ್ಟೇಷನ್ 4 ಗೇಮ್ ಕನ್ಸೋಲ್) ತಗೊಂಡೆ. ಹಳೇ ದಪ್ಪ ಮಾಡೆಲ್, 500 ಜಿಬಿ. ಚಳಿಗಾಲ ಪೂರ್ತಿ ಏನೂ ತೊಂದರೆ ಕೊಡಲಿಲ್ಲ. ಏಪ್ರಿಲ್ ಶುರುವಾದ ಮೇಲೆ ತಲೆಬಿಸಿ ಶುರುವಾಗಿದೆ.

ಆಡುತ್ತಿರುವುದು ಹೊರೈಜನ್ ಝೀರೋ ಡಾನ್. ಆನೆ ಗಾತ್ರದ ಯಂತ್ರ ಪ್ರಾಣಿಗಳು, ಬೆಂಕಿ, ಮಳೆ, ಅಲ್ಲಾಡುವ ಹುಲ್ಲು ಎಲ್ಲಾ ಒಟ್ಟಿಗೆ ಇದ್ದರೂ ಒಂದು ಗಂಟೆ ಆರಾಮಾಗಿ ನಡೆಯುತ್ತದೆ. ಫ್ಯಾನ್ ಸ್ವಲ್ಪ ಸದ್ದು ಮಾಡುತ್ತದೆ, ಅಷ್ಟೇ. ಆದರೆ ಮ್ಯಾಪ್ ತೆರೆದು, ಮುಂದೆ ಎಲ್ಲಿಗೆ ಹೋಗಬೇಕು ಅಂತ ನೋಡುತ್ತಾ ಕೂತರೆ ಮುಗಿಯಿತು. ಒಂದೇ ನಿಮಿಷಕ್ಕೆ ಫ್ಯಾನ್ ಮಿಕ್ಸಿ ಥರ ಕಿರುಚುತ್ತದೆ. ನಾಲ್ಕೈದು ನಿಮಿಷಕ್ಕೆ ‘ತುಂಬಾ ಬಿಸಿಯಾಗಿದೆ, ಆಫ್ ಮಾಡಿ’ ಅನ್ನುವ ಮೆಸೇಜ್ ಬರುತ್ತದೆ. ಆಮೇಲೆ ತಾನೇ ಆಫ್.

ಮ್ಯಾಪ್‌ನಲ್ಲಿ ಅಂಥದ್ದೇನಿದೆ? ಒಂದು ನಕ್ಷೆ, ಮೇಲೆ ನಾಲ್ಕು ಗುರುತು. ಏನೂ ಓಡಾಡುವುದಿಲ್ಲ.

ರಿಪೇರಿ ಅಂಗಡಿಯೊಂದಕ್ಕೆ ತಗೊಂಡು ಹೋದೆ. ಬಿಚ್ಚಿ ಸಹ ನೋಡಲಿಲ್ಲ. ‘ಗ್ರಾಫಿಕ್ಸ್ ಚಿಪ್ ಹೋಗಿದೆ, ಕಿತ್ತು ಮತ್ತೆ ಕೂರಿಸಬೇಕು, 6,500 ಆಗುತ್ತೆ’ ಅಂದರು. ಗೆಳೆಯನೊಬ್ಬ ‘ಈ ಗೇಮ್ ಆ ಕನ್ಸೋಲ್‌ಗೆ ಭಾರ ಕಣೋ, ಮಾರಿ ಪಿಎಸ್4 ಪ್ರೋ ತಗೋ, ಅದಕ್ಕೆ ಶಕ್ತಿ ಜಾಸ್ತಿ’ ಅಂತಾನೆ. ಎರಡಕ್ಕೂ ನನ್ನ ಹತ್ತಿರ ದುಡ್ಡಿಲ್ಲ. ಗೊತ್ತಿರುವವರು ದಯವಿಟ್ಟು ಹೇಳಿ.

ಜಾಯ್‌ಸ್ಟಿಕ್_77
ಭಾನುವಾರ, ರಾತ್ರಿ 11:05

ಸೇಫ್ ಮೋಡ್‌ಗೆ (ಕನ್ಸೋಲ್‌ನ ರಿಪೇರಿ ಮೆನು) ಹೋಗಿ ಐದನೇ ಆಯ್ಕೆ, ರೀಬಿಲ್ಡ್ ಡೇಟಾಬೇಸ್ ಕೊಟ್ಟು ನೋಡಿ ಬ್ರೋ. ಒಳಗಿನ ಫೈಲ್ ಪಟ್ಟಿಯನ್ನು ಹೊಸದಾಗಿ ಜೋಡಿಸುತ್ತದೆ. ನನ್ನದು ಅದರಲ್ಲೇ ಸರಿಹೋಯಿತು.

ಹಳೇಪೇಟೆ_ಹುಡುಗ
ಸೋಮವಾರ, ಬೆಳಿಗ್ಗೆ 7:20

ಮಾಡಿದೆ ಬ್ರೋ. ಮೆನು ಸ್ವಲ್ಪ ಚುರುಕಾಯಿತು. ಮ್ಯಾಪ್ ಕಥೆ ಮಾತ್ರ ಹಾಗೇ ಇದೆ.

ಕೋಟೆ_ಬಾಗಿಲು (ಚಿತ್ರದುರ್ಗ)
ಸೋಮವಾರ, ಮಧ್ಯಾಹ್ನ 1:15

ತಮ್ಮಾ, ಅಂಗಡಿಗೆ ದುಡ್ಡು ಕೊಡುವ ಮೊದಲು ನಾಲ್ಕು ಪ್ರಶ್ನೆ.

ಆಫ್ ಆಗುವ ಮುಂಚೆ ಪರದೆ ಮೇಲೆ ಗೆರೆ, ಬಣ್ಣಬಣ್ಣದ ಚೌಕ ಏನಾದರೂ ಕಾಣುತ್ತದಾ? ಪ್ರತಿ ಸಲವೂ ಬಿಸಿ ಮೆಸೇಜ್ ಬಂದೇ ಆಫ್ ಆಗುತ್ತದಾ, ಇಲ್ಲಾ ಕರೆಂಟ್ ಹೋದ ಹಾಗೆ ಒಮ್ಮೆಲೇ ಆಫ್ ಆಗಿದ್ದೂ ಇದೆಯಾ? ಕನ್ಸೋಲ್ ಎಲ್ಲಿ ಇಟ್ಟಿದ್ದೀಯ? ಮನೆ ಯಾವ ಕಡೆ?

ಹಳೇಪೇಟೆ_ಹುಡುಗ
ಸೋಮವಾರ, ಮಧ್ಯಾಹ್ನ 2:02

ಗೆರೆ, ಚೌಕ ಏನೂ ಇಲ್ಲ ಅಣ್ಣಾ, ಚಿತ್ರ ಕೊನೆವರೆಗೂ ಸ್ವಚ್ಛ. ಪ್ರತಿ ಸಲ ಮೆಸೇಜ್ ಬಂದೇ ಆಫ್ ಆಗಿದೆ. ಟಿವಿ ಶೋಕೇಸ್‌ನಲ್ಲಿ ಇಟ್ಟಿದ್ದೇನೆ, ಗಾಜಿನ ಬಾಗಿಲು ಇದೆ. ಮನೆ ಮಂಡಕ್ಕಿ ಭಟ್ಟಿಗಳ ಹತ್ತಿರ, ಎರಡೇ ಬೀದಿ ಆಚೆ.

ಕೋಟೆ_ಬಾಗಿಲು
ಸೋಮವಾರ, ರಾತ್ರಿ 9:30

ಚಿಪ್ ಹೋಗಿಲ್ಲ ಅಂತ ನನಗೆ ಮುಕ್ಕಾಲು ಪಾಲು ಖಾತ್ರಿ ಆಯಿತು. ಸ್ವಲ್ಪ ಉದ್ದ ಬರೆಯುತ್ತೇನೆ, ಓದು. ‘ಭಾರದ ಗೇಮ್’ ಅನ್ನುವ ಮಾತಿನಿಂದಲೇ ಎಷ್ಟೋ ಜನ ಸುಮ್ನೆ ದುಡ್ಡು ಕಳೆದುಕೊಳ್ಳುತ್ತಿದ್ದಾರೆ.

ಮೊದಲು ನಿನ್ನ ಮ್ಯಾಪ್ ವಿಚಾರ. ಇದು ನಿನ್ನೊಬ್ಬನದ್ದಲ್ಲ. ಪಿಎಸ್4, ಪಿಎಸ್5 ಎರಡರ ವಿನ್ಯಾಸವನ್ನೂ ಮುನ್ನಡೆಸಿದ ಮಾರ್ಕ್ ಸರ್ನಿ 2020ರ ಮಾರ್ಚ್‌ನಲ್ಲಿ ಪಿಎಸ್5 ಒಳಗೆ ಏನಿದೆ ಅಂತ ವಿವರಿಸುವಾಗ ಇದೇ ಹೊರೈಜನ್ ಮ್ಯಾಪ್ ಹೆಸರು ಹೇಳಿದ್ದರು. ಅದನ್ನು ತೆರೆದರೆ ಅವರ ಪಿಎಸ್4 ಪ್ರೋ ಕೂಡ ಜಾಸ್ತಿ ಬಿಸಿಯಾಗುತ್ತಿತ್ತಂತೆ. ಗೇಮ್‌ನ ಚಿತ್ರವನ್ನೆಲ್ಲಾ ಪುಟ್ಟ ಪುಟ್ಟ ತ್ರಿಕೋನಗಳನ್ನು ಜೋಡಿಸಿಯೇ ಕಟ್ಟುವುದು. ಆ ತ್ರಿಕೋನಗಳು ಕಿಕ್ಕಿರಿದ ದೃಶ್ಯಕ್ಕಿಂತ, ತ್ರಿಕೋನ ಕಡಿಮೆ ಇರುವ ಸರಳ ದೃಶ್ಯವೇ ಸಾಮಾನ್ಯವಾಗಿ ಹೆಚ್ಚು ಕರೆಂಟ್ ಎಳೆಯುತ್ತದೆ ಅನ್ನುವುದು ಅವರ ವಿವರಣೆ.

ಉಲ್ಟಾ ಅನ್ನಿಸುತ್ತದೆ ಅಲ್ವಾ? ನಿಮ್ಮೂರ ಎಪಿಎಂಸಿ ನೆನಪಿಸಿಕೋ. ಮೆಕ್ಕೆಜೋಳದ ಸುಗ್ಗಿಯಲ್ಲಿ ಗೇಟ್ ಹತ್ತಿರ ಲಾರಿಗಳು ಸಿಕ್ಕಿಹಾಕಿಕೊಂಡರೆ ಹಮಾಲರು ಏನು ಮಾಡುತ್ತಾರೆ? ಎರಡು ಚೀಲ ಹೊತ್ತು ಕೂರುತ್ತಾರೆ, ಮುಂದಿನ ಲಾರಿ ಬರುವ ತನಕ ಬೀಡಿ ಹಚ್ಚುತ್ತಾರೆ. ಅಂಗಳದಲ್ಲಿ ಗದ್ದಲ ಇರುತ್ತದೆ, ಬೆನ್ನು ಮಾತ್ರ ಒಣಗಿರುತ್ತದೆ. ಅದೇ ಲಾರಿ ನೇರ ಗೋಡೌನ್ ಬಾಗಿಲಿಗೇ ಬಂದು ನಿಂತರೆ ಉಸಿರು ಬಿಡಲು ಪುರುಸೊತ್ತಿಲ್ಲ. ಹತ್ತು ನಿಮಿಷಕ್ಕೆ ಬನಿಯನ್ ತೊಯ್ದಿರುತ್ತದೆ.

ಪಿಎಸ್4 ಗ್ರಾಫಿಕ್ಸ್ ಭಾಗದಲ್ಲಿ ಲೆಕ್ಕ ಮಾಡುವ 18 ಕಂಪ್ಯೂಟ್ ಯೂನಿಟ್‌ಗಳಿವೆ, 800 ಮೆಗಾಹರ್ಟ್ಜ್ ವೇಗ. ಅವೇ ಹಮಾಲರು. ಹೊಡೆದಾಟದಲ್ಲಿ ಸಣ್ಣ ಸಣ್ಣ ತ್ರಿಕೋನಗಳ ರಾಶಿ, ಒಂದು ಹಂತ ಇನ್ನೊಂದಕ್ಕೆ ಕಾಯುತ್ತದೆ, ಮೆಮೊರಿಯಿಂದ ಮಾಹಿತಿ ಬರಲಿ ಅಂತ ಕಾಯುತ್ತದೆ. ಮ್ಯಾಪ್‌ನಲ್ಲಿ ಆ ಕಾಯುವಿಕೆ ಕಡಿಮೆ, ಎಲ್ಲಾ ಯೂನಿಟ್ ಒಟ್ಟಿಗೆ ದುಡಿಯುತ್ತವೆ. ಪಿಎಸ್4ರಲ್ಲಿ ಚಿಪ್‌ನ ವೇಗ ಬದಲಾಗುವುದಿಲ್ಲ, ಕೆಲಸ ಹೆಚ್ಚಾದಂತೆ ಎಳೆಯುವ ಕರೆಂಟ್ ಮಾತ್ರ ಏರುತ್ತದೆ. ಆ ಬಿಸಿಯನ್ನೆಲ್ಲಾ ಫ್ಯಾನ್ ಒಬ್ಬನೇ ಹೊರಹಾಕಬೇಕು.

ಅಂದರೆ ನಿನ್ನ ಮ್ಯಾಪ್ ಒಂದು ಒಳ್ಳೇ ಥರ್ಮಾಮೀಟರ್. ಆರೋಗ್ಯವಾಗಿರುವ ಕನ್ಸೋಲ್ ಅಲ್ಲಿ ಕೂಗುತ್ತದೆ, ಆದರೆ ಆಫ್ ಆಗಬಾರದು. ಆಫ್ ಆಗುತ್ತಿದೆ ಅಂದರೆ ಗಾಳಿ ಓಡಾಡುತ್ತಿಲ್ಲ. ಚಿಪ್ ಕೆಟ್ಟಿದ್ದರೆ ಚಿತ್ರ ಒಡೆಯುತ್ತಿತ್ತು, ಇಲ್ಲಾ ಆನ್ ಮಾಡಿದಾಗ ನೀಲಿ ಲೈಟ್ ಮಿಣುಕುತ್ತಾ ಹಾಗೇ ನಿಂತುಬಿಡುತ್ತಿತ್ತು. ವೋಲ್ಟೇಜ್ ತೊಂದರೆ ಆಗಿದ್ದರೆ ಮೆಸೇಜ್ ತೋರಿಸಲು ಸಮಯವೇ ಇರುತ್ತಿರಲಿಲ್ಲ.

ಇನ್ನು ಗೆಳೆಯ ಹೇಳಿದ ‘ಭಾರ’. ಗೇಮ್ ಕನ್ಸೋಲ್‌ಗೆ ನಿಜಕ್ಕೂ ಭಾರವಾದರೆ ಕನ್ಸೋಲ್ ನಿಧಾನ ಆಗುತ್ತದೆ, ಆಫ್ ಆಗುವುದಿಲ್ಲ. ಪಿಎಸ್2ರ ಶ್ಯಾಡೋ ಆಫ್ ದಿ ಕೊಲೊಸಸ್ ನೋಡು, 2005ರದ್ದು. ಪಿಎಸ್2ಗೆ ಇದ್ದ ಮುಖ್ಯ ಮೆಮೊರಿ 32 ಎಂಬಿ, ಗ್ರಾಫಿಕ್ಸ್ ಚಿಪ್ ಒಳಗೆ 4 ಎಂಬಿ. ಈಗಿನ ಥರ ಶೇಡರ್ (ಬೆಳಕು, ಮೇಲ್ಮೈ ಹೇಗೆ ಕಾಣಬೇಕು ಅಂತ ಲೆಕ್ಕ ಹಾಕುವ ಪುಟ್ಟ ಪ್ರೋಗ್ರಾಂ) ಇರಲಿಲ್ಲ. ಹಾಗಾಗಿ ಗೇಮ್‌ನಲ್ಲಿ ಬರುವ ದೈತ್ಯರ ಮೈಮೇಲಿನ ಕೂದಲನ್ನು ಪದರದ ಮೇಲೆ ಪದರ ಹಾಕಿ, ಅದೇ ಮೈಯನ್ನು ಮತ್ತೆ ಮತ್ತೆ ಬರೆದು ತೋರಿಸಿದರು. ದೈತ್ಯ ಎದ್ದು ನಡೆದು ಬಂದಾಗ ಸೆಕೆಂಡಿಗೆ ತೋರಿಸುವ ಫ್ರೇಮ್ 20ಕ್ಕಿಂತ ಕೆಳಗೆ ಬೀಳುತ್ತದೆ. ಅದು ಆ ಗೇಮ್‌ನ ಗುಣ.

ನನಗೆ ಆಗ ಇದು ಗೊತ್ತಿರಲಿಲ್ಲ. ಗೇಮ್ ಎಳೆದಾಡುತ್ತಿದೆ, ಡಿಸ್ಕ್ ಓದುವ ಲೆನ್ಸ್ ಹೋಗಿರಬೇಕು ಅಂತ ಪಿಎಸ್2 ಅನ್ನು ಬಸ್ಸಿನಲ್ಲಿ ಮಡಿಲಲ್ಲಿ ಇಟ್ಟುಕೊಂಡು ಬೆಂಗಳೂರಿಗೆ ಹೋಗಿ ಲೆನ್ಸ್ ಬದಲಾಯಿಸಿದೆ. ಎರಡು ತಿಂಗಳ ಪಾಕೆಟ್ ಮನಿ ಅದು. ವಾಪಸ್ ಬಂದು ಹಾಕಿದರೆ ಅದೇ ಜಾಗದಲ್ಲಿ ಅಷ್ಟೇ ನಿಧಾನ. ನಿನಗೆ ಹಾಗಾಗುವುದು ಬೇಡ.

ಹಳೇ_ಕ್ಯಾಸೆಟ್ (ದಾವಣಗೆರೆ)
ಸೋಮವಾರ, ರಾತ್ರಿ 10:10

ದುರ್ಗದವರು ಸರಿಯಾಗಿ ಹೇಳಿದಿರಿ. ನಮ್ಮ ಕಾಲದ ಕ್ಯಾಸೆಟ್ ಗೇಮ್‌ನಲ್ಲೂ ಇದೇ ಇತ್ತು. ಕಾಂಟ್ರಾದಲ್ಲಿ ಗುಂಡು ಜಾಸ್ತಿ ಆದಾಗ ಬೊಂಬೆಗಳು ಮಿನುಗುತ್ತಿದ್ದವು. ನಮ್ಮಣ್ಣ ಕ್ಯಾಸೆಟ್ ತೆಗೆದು ಉಫ್ ಅಂತ ಊದಿ ಮತ್ತೆ ಹಾಕುತ್ತಿದ್ದ. ಆ ಮೆಷಿನ್‌ಗೆ ಅಡ್ಡಡ್ಡ ಒಂದೇ ಗೆರೆಯಲ್ಲಿ 8 ಸ್ಪ್ರೈಟ್‌ಗಿಂತ (ಓಡಾಡುವ ಪುಟ್ಟ ಚಿತ್ರದ ತುಂಡು) ಜಾಸ್ತಿ ತೋರಿಸಲು ಆಗುತ್ತಿರಲಿಲ್ಲ ಅಂತ ಗೊತ್ತಾಗಿದ್ದು ಎಷ್ಟೋ ವರ್ಷ ಆದಮೇಲೆ. ಒಂಬತ್ತನೆಯದು ಬಂದರೆ ಒಂದು ಮಾಯ. ಸರದಿ ಮೇಲೆ ಒಂದೊಂದನ್ನು ಮರೆಮಾಡಿದರೆ ಮಿನುಗಿದ ಹಾಗೆ ಕಾಣುತ್ತದೆ.

ಬಯಲುಸೀಮೆ_ಗೇಮರ್
ಮಂಗಳವಾರ, ಬೆಳಿಗ್ಗೆ 8:45

ಹಾರ್ಡ್‌ವೇರ್ ಹಿಂಡಿದ ವಿಷಯಕ್ಕೆ ಬಂದರೆ ನನ್ನ ಓಟು ನಾಟಿ ಡಾಗ್ ಕಂಪನಿಯ 2013ರ ಲಾಸ್ಟ್ ಆಫ್ ಅಸ್ ಗೇಮ್‌ಗೆ. ಪಿಎಸ್3 ಮೆಮೊರಿ 256 ಎಂಬಿ ಮತ್ತು 256 ಎಂಬಿ, ಎರಡು ಬೇರೆ ಬೇರೆ ಡಬ್ಬಿ. ಗ್ರಾಫಿಕ್ಸ್ ಚಿಪ್ ಸಾಲದೆ ಅದರ ಮುಖ್ಯ ಚಿಪ್ ಆದ ಸೆಲ್ ಪ್ರೊಸೆಸರ್‌ನ ಪುಟ್ಟ ಕೋರ್‌ಗಳ ಕೈಲೂ ಚಿತ್ರದ ಕೆಲಸ ಮಾಡಿಸಿದರು. ಪಿಎಸ್4 ಬರುವ ವರ್ಷದಲ್ಲೇ ಹಳೇ ಮೆಷಿನ್ ಮೇಲೆ ಅಂಥದ್ದು ಬಂತು.

ಕೋಟೆ_ಬಾಗಿಲು
ಮಂಗಳವಾರ, ಮಧ್ಯಾಹ್ನ 1:30

ಒಪ್ಪುತ್ತೇನೆ. ಆದರೆ ನನ್ನ ಓಟು ಅದೇ ನಾಟಿ ಡಾಗ್‌ನವರ 1996ರ ಕ್ರ್ಯಾಶ್ ಬ್ಯಾಂಡಿಕೂಟ್‌ಗೆ. ಪಿಎಸ್1ಗೆ ಮುಖ್ಯ ಮೆಮೊರಿ ಬರೀ 2 ಎಂಬಿ. ಒಂದು ಲೆವೆಲ್ ಅದರಲ್ಲಿ ಹಿಡಿಸುತ್ತಿರಲಿಲ್ಲ. ಲೆವೆಲನ್ನು 64 ಕೆಬಿ ತುಂಡುಗಳಾಗಿ ಕತ್ತರಿಸಿ, ಆಟಗಾರ ಮುಂದೆ ಹೋದ ಹಾಗೆ ಸಿಡಿಯಿಂದ ತುಂಡುತುಂಡಾಗಿ ಎಳೆದುಕೊಂಡರು. ಕ್ಯಾಮೆರಾ ಹೋಗುವ ದಾರಿ ಮೊದಲೇ ಗೊತ್ತಿತ್ತಲ್ಲ, ಹಾಗಾಗಿ ಯಾವ ಮೂಲೆಯಿಂದ ಏನು ಕಾಣುತ್ತದೆ, ಯಾವುದು ಯಾವುದರ ಹಿಂದೆ ಅನ್ನುವ ಲೆಕ್ಕವನ್ನು ಮೊದಲೇ ಮಾಡಿ ಡಿಸ್ಕ್‌ನಲ್ಲಿ ಇಟ್ಟರು. ನಾಯಕ ಕ್ರ್ಯಾಶ್‌ನ ಮೈಗೆ ಬಹುಪಾಲು ಟೆಕ್ಸ್ಚರ್ (ಮೇಲೆ ಅಂಟಿಸುವ ಚಿತ್ರ) ಇಲ್ಲ, ಬರೀ ಬಣ್ಣ. ಉಳಿಸಿದ್ದನ್ನು ಮುಖದ ಭಾವಕ್ಕೆ ಖರ್ಚು ಮಾಡಿದರು. ನಮ್ಮ ಕೋಟೆಯ ಗೋಡೆ ಥರ ಕೆಲಸ ಅದು, ಗಾರೆ ಇಲ್ಲದೆ ಕಲ್ಲಿಗೆ ಕಲ್ಲು ಕೂರಿಸಿದ್ದು.

ಇರಲಿ, ಹುಡುಗನ ಕೆಲಸ ಮುಗಿಸೋಣ.

ತಮ್ಮಾ, ಹೀಗೆ ಮಾಡು. ಪ್ಲಗ್ ಕಿತ್ತು ಅರ್ಧ ಗಂಟೆ ಬಿಡು. ಹಿಂಭಾಗದಲ್ಲಿ ಸ್ಟಿಕರ್ ಕೆಳಗೆ ಸ್ಕ್ರೂ ಇರುತ್ತವೆ. ನಕ್ಷತ್ರದ ಆಕಾರದ ತಲೆ, ನಡುವೆ ಒಂದು ಮೊಳೆ. ಅದಕ್ಕೆ ತುದಿಯಲ್ಲಿ ತೂತಿರುವ ಟಿ8 ಅಥವಾ ಟಿ9 ಬಿಟ್ ಬೇಕು, ಮೊಬೈಲ್ ರಿಪೇರಿ ಸಾಮಾನು ಮಾರುವ ಕಡೆ ಕೇಳು. ಕನ್ಸೋಲ್ ಕವುಚಿ ಹಾಕಿ ಕೆಳಗಿನ ಮುಚ್ಚಳ ಎತ್ತು. ಪವರ್ ಸಪ್ಲೈ ಡಬ್ಬಿಯ ಸ್ಕ್ರೂ ಮತ್ತು ಸಣ್ಣ ವೈರ್ ಬಿಡಿಸಿ ನೇರ ಮೇಲಕ್ಕೆ ಎತ್ತು. ಆ ಡಬ್ಬಿಯನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡ, ಪ್ಲಗ್ ಕಿತ್ತ ಮೇಲೂ ಒಳಗೆ ಕರೆಂಟ್ ಉಳಿದಿರುತ್ತದೆ. ಅದರ ಕೆಳಗೆ ಚಿಪ್‌ನ ಬಿಸಿ ಎಳೆದುಕೊಳ್ಳುವ ಹೀಟ್‌ಸಿಂಕ್‌ನ ತಗಡಿನ ಸಾಲು ಕಾಣುತ್ತದೆ.

ಬ್ಲೋವರ್ ಹಿಡಿಯುವಾಗ ಫ್ಯಾನ್ ತಿರುಗದ ಹಾಗೆ ಬೆರಳಲ್ಲಿ ಒತ್ತಿ ಹಿಡಿ. ಗಾಳಿಗೆ ಜೋರಾಗಿ ತಿರುಗಿದರೆ ಫ್ಯಾನೇ ಕರೆಂಟ್ ಹುಟ್ಟಿಸಿ ಬೋರ್ಡ್‌ಗೆ ಕಳಿಸಬಹುದು. ಪ್ರತಿ ಹಂತದಲ್ಲೂ ಫೋಟೋ ತೆಗೆದುಕೋ. ಚಿಪ್ ಮತ್ತು ಹೀಟ್‌ಸಿಂಕ್ ನಡುವೆ ಬಿಸಿ ಸಾಗಿಸುವ ಥರ್ಮಲ್ ಪೇಸ್ಟ್‌ಗೆ ಇವತ್ತು ಕೈ ಹಾಕಬೇಡ, ಅದಕ್ಕೆ ಬೋರ್ಡ್ ಹೊರಗೆ ತೆಗೆಯಬೇಕು.

ಹಳೇಪೇಟೆ_ಹುಡುಗ
ಬುಧವಾರ, ರಾತ್ರಿ 11:50

ಅಣ್ಣಾ, ಬಿಚ್ಚಿದೆ. ಫೋಟೋ ಹಾಕಿದ್ದೇನೆ ನೋಡಿ.

ಹೀಟ್‌ಸಿಂಕ್ ಸಾಲು ಕಾಣಲೇ ಇಲ್ಲ. ಅದರ ಮೇಲೆ ಕಪ್ಪು ಕಂಬಳಿ ಹೊದೆಸಿದ ಹಾಗಿತ್ತು. ಚಿಮಟದಲ್ಲಿ ಒಂದು ತುದಿ ಹಿಡಿದು ಎಳೆದರೆ ಬೆರಳುದ್ದದ ಪಟ್ಟಿ ಇಡೀ ಕಿತ್ತು ಬಂತು. ಬಿಳಿ ಹಾಳೆ ಮೇಲೆ ಇಟ್ಟು ನೋಡಿದೆ. ನಡುನಡುವೆ ಭತ್ತದ ಹೊಟ್ಟಿನ ಚೂರು, ಉಗುರಿನ ತುದಿಯಷ್ಟು, ಅರ್ಧ ಸುಟ್ಟಿದ್ದು. ಉಳಿದಿದ್ದು ಮಸಿ. ಬೆರಳಿಗೆ ಜಿಡ್ಡುಜಿಡ್ಡಾಗಿ ಅಂಟಿತು. ಭಟ್ಟಿ ಹೊಗೆಯನ್ನು ಇದು ಇಷ್ಟು ದಿನ ಕುಡಿದಿದೆ.

ಬ್ಲೋವರ್‌ಗೆ ಪೂರ್ತಿ ಹೋಗಲಿಲ್ಲ. ಒಣ ಪೇಂಟ್ ಬ್ರಷ್‌ನಿಂದ ಒಂದೊಂದೇ ಸಂದು ಉಜ್ಜಿದೆ. ಎರಡು ಗಂಟೆ ಹಿಡಿಯಿತು. ವಾಪಸ್ ಜೋಡಿಸಿ, ಶೋಕೇಸ್ ಹೊರಗೆ ಮೇಜಿನ ಮೇಲೆ ಇಟ್ಟು ಮ್ಯಾಪ್ ತೆರೆದೆ. ಗಡಿಯಾರ ನೋಡುತ್ತಾ ಕೂತೆ. ಐದು ನಿಮಿಷ, ಹತ್ತು, ಇಪ್ಪತ್ತು. ಆಫ್ ಆಗಲಿಲ್ಲ! ನಲವತ್ತು ನಿಮಿಷಕ್ಕೆ ನಾನೇ ಮುಚ್ಚಿದೆ. ಫ್ಯಾನ್ ಸದ್ದು ಮಾತ್ರ ಇನ್ನೂ ಜೋರಾಗಿಯೇ ಇದೆ.

ಕೋಟೆ_ಬಾಗಿಲು
ಗುರುವಾರ, ಬೆಳಿಗ್ಗೆ 6:55

ಬೆಳಿಗ್ಗೆ ಎದ್ದು ಓದಿದ ಮೊದಲ ಸುದ್ದಿ ಇದು, ತುಂಬಾ ಖುಷಿಯಾಯಿತು ತಮ್ಮಾ. ಬ್ರಷ್ ಹಿಡಿದು ಕೂತಿದ್ದೀಯಲ್ಲ, ಅದೇ ದೊಡ್ಡದು.

ಉಳಿದ ಸದ್ದಿಗೆ ಕಾರಣ ಪೇಸ್ಟ್ ಇರಬೇಕು. ಇಷ್ಟು ವರ್ಷಕ್ಕೆ ಒಣಗಿ ಹುಡಿಯಾಗಿರುತ್ತದೆ. ಈಗ ಅವಸರವಿಲ್ಲ. ಆಡು, ಮಳೆಗಾಲಕ್ಕೆ ಮುಂಚೆ ಬದಲಾಯಿಸೋಣ. ನಾನು ಮುಂದಿನ ತಿಂಗಳು ದಾವಣಗೆರೆಗೆ ಮದುವೆಗೆ ಬರುತ್ತಿದ್ದೇನೆ, ಹೊಸ ಪೇಸ್ಟ್ ಮತ್ತು ಹಳೇದನ್ನು ಒರೆಸಲು ಆಲ್ಕೋಹಾಲ್ ನಾನೇ ತರುತ್ತೇನೆ. ನಿಮ್ಮ ಕಡೆ ಮಸಿ ಜಾಸ್ತಿ, ಹಾಗಾಗಿ ಮೂರು ತಿಂಗಳಿಗೊಮ್ಮೆ ಮುಚ್ಚಳ ಎತ್ತಿ ನೋಡು.

ಹಳೇ_ಕ್ಯಾಸೆಟ್
ಗುರುವಾರ, ಬೆಳಿಗ್ಗೆ 9:20

ಮತ್ತೆ ಆ ಗಾಜಿನ ಶೋಕೇಸ್ ಒಳಗೆ ಇಡಬೇಡಪ್ಪಾ. ಹೊರಗೆ ಬಿಟ್ಟ ಬಿಸಿಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತದೆ.

ಹಳೇಪೇಟೆ_ಹುಡುಗ
ಗುರುವಾರ, ಸಂಜೆ 6:30

ಗಾಜಿನ ಬಾಗಿಲು ಎರಡೂ ಕಳಚಿ ಅಟ್ಟಕ್ಕೆ ಹಾಕಿದೆ ಸರ್. ಹಿಂದಿನ ಪ್ಲೈವುಡ್‌ಗೆ ಒಂದು ಅಂಗೈ ಅಗಲ ತೂತು ಕೊರೆದು ಅಲ್ಲೇ ಇಟ್ಟಿದ್ದೇನೆ. ಅಮ್ಮ ಮೊದಲು ಬೈದರು. ಆ ಕಪ್ಪು ಪಟ್ಟಿ ತೋರಿಸಿದೆ. ನೋಡಿ ಸುಮ್ಮನಾದರು, ಆಮೇಲೆ ಫ್ರಿಜ್ ಹಿಂದೆಯೂ ಹೀಗೇ ಇರಬೇಕು ನೋಡು ಅಂದರು. ಈಗ ಬ್ರಷ್ ಹಿಡಿದು ಅಲ್ಲಿಗೆ ಹೊರಟಿದ್ದೇನೆ.

ಅಣ್ಣಾ, ಮದುವೆಗೆ ಬಂದಾಗ ಮನೆಗೇ ಬನ್ನಿ. ಬೆಣ್ಣೆ ದೋಸೆ ನನ್ನ ಲೆಕ್ಕ.