ಅಪ್‌ಡೇಟ್: ಬೇಸ್ ಗಿಟಾರ್‌ನ ಪಿಕಪ್ ಬದಲಿಸಲಿಲ್ಲ

ಹದಿನೈದು ದಿನದ ಹಿಂದೆ ಕೇಳಿದ್ದೆ: ನನ್ನ ಹಳೆಯ ನಾಲ್ಕು ತಂತಿಯ ಬೇಸ್‌ಗೆ ಹೊಸ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತ ಮಾಡುವ ಭಾಗ), ಪ್ರೀಆಂಪ್ (ಆ ಸಂಕೇತವನ್ನು ಹಿಗ್ಗಿಸುವ, ಬ್ಯಾಟರಿಯಿಂದ ನಡೆಯುವ ಸರ್ಕ್ಯೂಟ್) ಹಾಕಿಸಲಾ, ಇದ್ದಂತೆ ಬಿಡಲಾ ಅಂತ. ಸದ್ದು ಮಂಕಾಗಿತ್ತು, ವಾಲ್ಯೂಮ್ ತಿರುಗಿಸಿದರೆ ಕರಕರ ಅನ್ನುತ್ತಿತ್ತು. "ಮೊದಲು ಸೆಟಪ್ ಸರಿ ಮಾಡಿ" ಅಂದವರೇ ಜಾಸ್ತಿ. ಅವರ ಮಾತು ಕೇಳಿದೆ.

ಭಾನುವಾರ ಕಂಟ್ರೋಲ್ ಪ್ಲೇಟ್ ಬಿಚ್ಚಿದೆ. ಕೇಬಲ್ ಸಿಕ್ಕಿಸುವ ಜ್ಯಾಕ್‌ನ ಬೆಸುಗೆ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು, ಸುಮ್ನೆ ನೋಡಿದರೆ ಕಾಣುತ್ತಲೂ ಇರಲಿಲ್ಲ. ಮತ್ತೆ ಬೆಸುಗೆ ಹಾಕಿ, ಹೊಸ 250ಕೆ ಪಾಟ್‌ಗಳನ್ನು (ವಾಲ್ಯೂಮ್, ಟೋನ್ ಗುಂಡಿಗಳ ಕೆಳಗಿನ ಭಾಗ) ಕೂರಿಸಿದೆ. ಕರಕರ ಪೂರ್ತಿ ಹೋಯಿತು. ಕತ್ತಿನ ಬಾಗು ಸರಿಪಡಿಸುವ ಟ್ರಸ್ ರಾಡ್ ಕಾಲು ಸುತ್ತು ಬಿಗಿ ಮಾಡಿದೆ, ತಂತಿ ಬದಲಿಸಿದೆ. ಮಂಕಾಗಿದ್ದದ್ದು ಪಿಕಪ್ ಅಲ್ಲ, ಮೂರು ವರ್ಷದ ತಂತಿ! ಈಗ ಅತಿ ದಪ್ಪದ 'ಇ' (E) ತಂತಿ ಮೀಟಿದರೆ ಮರ ಎದೆಗೆ ತಾಗಿ ನಡುಗುತ್ತೆ.

ಗುಂಯ್ ಸದ್ದು ಮಾತ್ರ ಸ್ವಲ್ಪ ಇದೆ. ಇದರಲ್ಲಿರೋ ಎರಡೂ ಸಿಂಗಲ್ ಕಾಯಿಲ್ (ಒಂದೇ ಸುರುಳಿಯ, ಗುಂಯ್ ಹಿಡಿಯುವ) ಪಿಕಪ್ ಅಲ್ವಾ? ಸುರುಳಿಗಳು ಪರಸ್ಪರ ವಿರುದ್ಧವಾಗಿ ಸುತ್ತಿದ್ದರೆ, ಎರಡರ ವಾಲ್ಯೂಮ್ ಪೂರ್ತಿ ತೆರೆದಾಗ ಒಂದರ ಗುಂಯ್ ಅನ್ನು ಇನ್ನೊಂದು ಅಳಿಸುತ್ತೆ. ನಾನು ಹೇಗೂ ಹಾಗೇ ನುಡಿಸೋದು.

ಪ್ರೀಆಂಪ್ ಬೇಡ ಅಂತ ತೀರ್ಮಾನಿಸಿದೆ. ಬ್ಯಾಟರಿಗೆ ಜಾಗ ಮಾಡಲು ಮರ ಕೊರೆಯಬೇಕು, ಅದಕ್ಕೆ ಮನಸ್ಸು ಬರಲಿಲ್ಲ. ತೆಗೆದ ಪಾಟ್‌ಗಳನ್ನೂ ಡಬ್ಬಿಯಲ್ಲಿ ಜೋಪಾನವಾಗಿ ಇಟ್ಟಿದ್ದೇನೆ. ಸಲಹೆ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.